ಅಡಾಲಿಮುಮಾಬ್ ಪೆನ್: ಒಂಬತ್ತು ತಿಂಗಳು ಚುಚ್ಚಿಕೊಂಡವನ ಮಾತು

ಬೆಳಗ್ಗೆ ಎದ್ದರೆ ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಒಂದು ಗಂಟೆ ಕಾಯಬೇಕಿತ್ತು. ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತದ ಕಾಯಿಲೆ ಅಂತ ಗೊತ್ತಾಗುವ ಹೊತ್ತಿಗೆ ಎಣ್ಣೆ, ಮುಲಾಮು, ಸೊಂಟದ ಬೆಲ್ಟು ಎಲ್ಲ ಆಗಿತ್ತು. ಎರಡು ಬಗೆಯ ನೋವಿನ ಮಾತ್ರೆ ಸೋತ ಮೇಲೆ ಡಾಕ್ಟರು ಈ ಇಂಜೆಕ್ಷನ್ ಬರೆದರು. ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ಪೆನ್ನಿನಂಥ ಸಾಧನದಿಂದ ತೊಡೆಗೋ ಹೊಟ್ಟೆಗೋ ನಾವೇ ಚುಚ್ಚಿಕೊಳ್ಳುವುದು.

ಕೆಲಸ ಮಾಡುತ್ತಾ? ಮಾಡುತ್ತೆ. ಮೂರನೇ ಸೂಜಿ ಆದ ಮೇಲೆ ಒಂದು ದಿನ ಹಾಲು ತರಲು ಹೊರಟವನಿಗೆ ಅರ್ಧ ದಾರಿಯಲ್ಲಿ ಹೊಳೆಯಿತು, ಅರೆ, ಇವತ್ತು ಬೆನ್ನು ಹಿಡಿದೇ ಇಲ್ಲವಲ್ಲ!

ಊರಿಗೆ ಕಳ್ಳ ನುಗ್ಗಿದರೆ ತಳವಾರ ಕೂಗು ಹಾಕುತ್ತಿದ್ದನಲ್ಲ, ಮೈಯೊಳಗೆ ಆ ಕೆಲಸ ಮಾಡುವ ಪ್ರೋಟೀನ್‌ಗಳಲ್ಲಿ ಟಿಎನ್‌ಎಫ್ ಒಂದು. ನನ್ನಂಥವರಲ್ಲಿ ಕಳ್ಳ ಇಲ್ಲದಿದ್ದರೂ ಕೂಗು ನಿಲ್ಲುವುದಿಲ್ಲ, ಕೀಲುಗಳಲ್ಲಿ ಉರಿಯೂತ. ಈ ಔಷಧಿ ಟಿಎನ್‌ಎಫ್ ಅನ್ನೇ ಹಿಡಿದುಕೊಂಡು ಕೂಗು ಜೀವಕೋಶಗಳಿಗೆ ಮುಟ್ಟದಂತೆ ಮಾಡುತ್ತದೆ. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರ ಕೊನೆಗೆ. 2014ರಲ್ಲಿ ಝೈಡಸ್ ಕಂಪನಿ ಇಲ್ಲೇ ಇದರ ಬಯೋಸಿಮಿಲರ್, ಅಂದರೆ ಮೂಲ ಔಷಧಿಗೆ ತೀರಾ ಹತ್ತಿರದ ಆವೃತ್ತಿ ತಂದಿತು, ಈಗ ಇನ್ನೂ ಕೆಲವು ಕಂಪನಿಗಳದ್ದಿದೆ. ಹಾಗಾಗಿ ನನ್ನಂಥವರ ಕೈಗೆ ಎಟುಕುತ್ತಿದೆ, ಆದರೂ ಅಗ್ಗವಂತೂ ಅಲ್ಲ.

ಈಗ ಮುಖ್ಯ ವಿಷಯ. ಟಿಬಿ ಕ್ರಿಮಿ ಒಳಗೆ ಸೇರಿದರೆ ಅದರ ಸುತ್ತ ರಕ್ಷಣಾ ಕೋಶಗಳನ್ನು ಕೂಡಿಸಿ ಗೋಡೆ ಕಟ್ಟಿ ಕಾಯುವುದರಲ್ಲೂ ಇದೇ ಟಿಎನ್‌ಎಫ್‌ದು ದೊಡ್ಡ ಪಾಲು. ನಮ್ಮ ದೇಶದಲ್ಲಿ ಎಷ್ಟೋ ಜನರೊಳಗೆ ಟಿಬಿ ಹೀಗೆ ಸದ್ದಿಲ್ಲದೆ ಮಲಗಿರುತ್ತೆ, ಅವರಿಗೇ ಗೊತ್ತಿರುವುದಿಲ್ಲ. ತಳವಾರನ ಬಾಯಿ ಕಟ್ಟಿದರೆ ಗೋಡೆಯೂ ಸಡಿಲವಾಗುತ್ತೆ, ಅಲ್ವಾ? ಅದಕ್ಕೇ ಶುರುವಿಗೆ ಮುಂಚೆ ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ. ಒಂದು ಮೆಡಿಕಲ್ ಶಾಪಿನಲ್ಲಿ "ಟೆಸ್ಟ್ ಎಲ್ಲ ಸುಮ್ನೆ ಖರ್ಚು ಸಾರ್" ಅಂದರು. ಮಾಡಿಸಿದೆ, ಪಾಸಿಟಿವ್ ಬಂತು! ಒಂದು ತಿಂಗಳು ಐಸೋನಿಯಾಜಿಡ್ ಅನ್ನುವ ಟಿಬಿ ಮಾತ್ರೆ ನುಂಗಿದ ಮೇಲಷ್ಟೇ ಮೊದಲ ಸೂಜಿ, ಆಮೇಲೂ ಆ ಮಾತ್ರೆ ತಿಂಗಳುಗಟ್ಟಲೆ ಮುಂದುವರಿಯಿತು. ಈಗಲೂ ಜ್ವರ ಬಂದರೆ ಡಾಕ್ಟರಿಗೆ ಫೋನ್ ಮಾಡದೆ ಸೂಜಿ ಮುಟ್ಟುವುದಿಲ್ಲ.

ಪೆನ್ ಬಗ್ಗೆ ಹೇಳುವುದಾದರೆ, ಫ್ರಿಜ್‌ನಿಂದ ತೆಗೆದ ಕೂಡಲೇ ಚುಚ್ಚಿದರೆ ಚುರ್ ಅನ್ನುತ್ತೆ. ಅರ್ಧ ಗಂಟೆ ಹೊರಗಿಟ್ಟರೆ ಉರಿ ಕಡಿಮೆ. ಬಟನ್ ಒತ್ತಿ, ಕಿಟಕಿಯಲ್ಲಿ ಬಣ್ಣ ತುಂಬುವವರೆಗೆ ಕದಲಬಾರದು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಪೆನ್ನನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕೆಂಬ ಕಾಟಕ್ಕೆ. ಊರಿಗೆ ಹೊರಟರೆ ಬಸ್ಸಲ್ಲಿ ಮಡಿಲಲ್ಲಿ ಥರ್ಮಾಕೋಲ್ ಡಬ್ಬಿ. ಕಳೆದ ಸಲ ಅಮ್ಮ "ತಣ್ಣಗಿರಲಿ ಮಗಾ" ಅಂತ ಪ್ರೀತಿಯಿಂದ ಫ್ರೀಜರಿನಲ್ಲಿಟ್ಟರು. ಹೆಪ್ಪುಗಟ್ಟಿದ್ದನ್ನು ಬಳಸುವ ಹಾಗಿಲ್ಲ, ಎಸೆದೆ. ಎಷ್ಟು ದುಡ್ಡಿನದು ಅಂತ ಅವರಿಗೆ ಇನ್ನೂ ಹೇಳಿಲ್ಲ.