ಕೂಲರ್ ಎದುರಿನ ಅಲಮಾರಿ: ಅಗ್ಗದ ಮಾಡ್ಯುಲರ್ ಫರ್ನಿಚರ್ ಜೊತೆ ಮೂರು ವರ್ಷ

ಅಲಮಾರಿಯ ಬುಡ ಉಬ್ಬಿದ್ದು ನನಗೆ ಗೊತ್ತಾದದ್ದೇ ಅದರ ಬಾಗಿಲು ಹಾಕಲು ಬರದಂತಾದಾಗ. ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಡಗಡೆಯ ಹಲಗೆ ನೆಲದಿಂದ ನಾಲ್ಕು ಬೆರಳೆತ್ತರದವರೆಗೆ ಚಹಾದಲ್ಲಿ ಅದ್ದಿದ ಬಿಸ್ಕಿಟ್‌ನಂತೆ ದಪ್ಪಗಾಗಿತ್ತು. ಅಂಚಿನ ಪಟ್ಟಿ ಬಾಯಿ ಬಿಟ್ಟಿತ್ತು. ಉಗುರಿನಿಂದ ಕೆದರಿದರೆ ಹೊಟ್ಟಿನಂಥ ಪುಡಿ ಉದುರಿತು. ಬಲಗಡೆಯ ಹಲಗೆಗೆ ಏನೇನೂ ಆಗಿಲ್ಲ. ಎಡಕ್ಕೇ ಯಾಕೆ ಅಂತ ತಲೆ ಎತ್ತಿದರೆ, ಎದುರಿಗೆ ಕೂಲರ್.

ಕಲಬುರಗಿಯಲ್ಲಿ ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಕೂಲರ್ ಇಲ್ಲದೆ ಮಲಗುವವರುಂಟೇ? ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ರಾತ್ರಿಯಿಡೀ ಒದ್ದೆ ಹುಲ್ಲಿನೊಳಗಿಂದ ಬರುವ ತೇವದ ಗಾಳಿ ನೇರ ಆ ಹಲಗೆಗೇ ಬಡಿಯುತ್ತಿತ್ತು. ನೀರು ತುಂಬುವಾಗ ಚೆಲ್ಲಿದ್ದು ಶಹಾಬಾದ್ ಪರಸಿಕಲ್ಲಿನ ನೆಲದ ಮೇಲೆ ಹರಿದು ಅಲಮಾರಿಯ ಅಡಿಗೆ ಹೋಗುತ್ತಿತ್ತು. ಸಾಲದ್ದಕ್ಕೆ ಮಧ್ಯಾಹ್ನ ನೆಲ ತಂಪಾಗಲಿ ಅಂತ ನಾವೇ ಎರಡು ಚೆಂಬು ನೀರು ಚಿಮುಕಿಸುವುದು ಬೇರೆ. ಕೊಂಡ ಹೊತ್ತಿನಲ್ಲಿ ಬಣ್ಣ ನೋಡಿದೆ, ಬೆಲೆ ನೋಡಿದೆ, ಕನ್ನಡಿ ಇದೆಯೋ ಇಲ್ಲವೋ ನೋಡಿದೆ. ನೆಲ ನೋಡಲಿಲ್ಲ.

ನನ್ನದು ಬ್ಯಾಂಕಿನ ನೌಕರಿ. ಮೂರು ವರ್ಷದ ಹಿಂದೆ ಯಾದಗಿರಿಯಲ್ಲಿ ಬಾಡಿಗೆ ಮನೆ ಹಿಡಿದಾಗ ನಮ್ಮಲ್ಲಿದ್ದದ್ದು ಒಂದು ಗಾದಿ, ಎರಡು ಸೂಟ್‌ಕೇಸು ಮತ್ತು ಅತ್ತಿಯವರು ಕೊಟ್ಟ ಸಾಗವಾನಿ ಪೆಟ್ಟಿಗೆ. ಬಡಿಗರನ್ನು ಕೇಳಿದರೆ ಪ್ಲೈವುಡ್‌ನಲ್ಲಿ ಮೂರು ಬಾಗಿಲ ಅಲಮಾರಿಗೆ 38 ಸಾವಿರ, ಒಂದೂವರೆ ತಿಂಗಳು ಅಂದರು. ಆನ್‌ಲೈನಿನಲ್ಲಿ ಅದೇ ಅಳತೆಯದು 11,500. ಎರಡು-ಮೂರು ವರ್ಷಕ್ಕೊಮ್ಮೆ ಊರು ಬದಲಿಸುವವರಿಗೆ ಬಿಚ್ಚಿ ಕಟ್ಟಿಕೊಂಡು ಹೋಗುವಂಥದ್ದೇ ಸರಿ ಅನ್ನಿಸಿತು. ಅಲಮಾರಿ, ಡಬ್ಬಿ ಮಂಚ, ಮಗಳ ಓದುವ ಮೇಜು, ಡ್ರಾವರ್‌ಗಳ ಕಪಾಟು, ಅಡುಗೆಮನೆಗೊಂದು ರ್‍ಯಾಕ್, ಚಪ್ಪಲಿ ಸ್ಟ್ಯಾಂಡು, ಎಲ್ಲ ಸೇರಿ 41 ಸಾವಿರದೊಳಗೆ ಮನೆ ತುಂಬಿತು.

ಮಂಚದ ಬಗ್ಗೆ ನನಗೆ ಒಂದು ದೂರೂ ಇಲ್ಲ. ಅದರ ಹೊಟ್ಟೆಯಲ್ಲಿ ಆರು ಕೌದಿ, ಎರಡು ಗಾದಿ, ಚಳಿಗಾಲದ ಬಟ್ಟೆಯೆಲ್ಲ ಹಿಡಿಸುತ್ತವೆ. ಈ ಮನೆ ಎರಡನೇ ಮಹಡಿ, ಮೆಟ್ಟಿಲು ಇಕ್ಕಟ್ಟು. ಕೆಳಗಿನ ಮನೆಯವರ ಸಾಗವಾನಿ ಮಂಚ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡರಂತೆ. ನಮ್ಮದು ಹಲಗೆ ಹಲಗೆಯಾಗಿ ಇಬ್ಬರು ಹುಡುಗರ ಹೆಗಲ ಮೇಲೆ ಬಂತು, ಒಂದೂವರೆ ತಾಸಿನಲ್ಲಿ ಮಂಚವಾಯಿತು. ಮೇಜೂ ಗಟ್ಟಿ, ಕಬ್ಬಿಣದ ಕಾಲು, ನೆಲದ ನೀರಿಗೂ ಅದಕ್ಕೂ ಸಂಬಂಧವಿಲ್ಲ.

2018ರ ಆಗಸ್ಟ್‌ನಲ್ಲಿ ಸ್ವೀಡನ್ ಮೂಲದ ಫರ್ನಿಚರ್ ಕಂಪನಿ ಐಕಿಯಾದವರು ಭಾರತದ ತಮ್ಮ ಮೊದಲ ಅಂಗಡಿಯನ್ನು ಹೈದರಾಬಾದಿನಲ್ಲಿ ತೆರೆದ ಮೇಲೆ ನಮ್ಮ ಕಡೆಯವರು ಅದನ್ನು ಜಾತ್ರೆ ನೋಡಿದ ಹಾಗೆ ಹೋಗಿ ನೋಡಿಬಂದರು, ನಾವೂ ಹೋಗಿದ್ದೆವು. ಬಿಡಿ ಭಾಗವಾಗಿ ಮಾರುವ ಪದ್ಧತಿಗೆ ಅವರು ಇಳಿದದ್ದು 1956ರಲ್ಲಿ. ಕಾರಿನಲ್ಲಿ ಹಿಡಿಸಲಿ ಅಂತ ಅವರ ಕೆಲಸಗಾರನೊಬ್ಬ ಮೇಜಿನ ಕಾಲು ಕಳಚಿದ್ದೇ ಶುರು. ಅಂದರೆ ಇದು ಹುಟ್ಟಿದ್ದು ಅಂಗಡಿಯಿಂದ ಮನೆಗೆ ಸಾಗಿಸುವ ಸಲೀಸಿಗೆ. ಮನೆಯಿಂದ ಮನೆಗೆ ಹೊತ್ತುಕೊಂಡು ಅಲೆಯುವ ನಮ್ಮಂಥವರನ್ನು ಎಣಿಸಿ ಅಲ್ಲ. ಇದು ನನಗೆ ಅರ್ಥವಾದದ್ದು ಕಲಬುರಗಿಗೆ ವರ್ಗವಾದ ದಿನ.

ಅಲಮಾರಿಯ ಹಲಗೆಗಳನ್ನು ಹಿಡಿದಿಡುವುದು ನಾಣ್ಯದಂಥ ದುಂಡನೆಯ ಕ್ಯಾಮ್ ಲಾಕ್. ತಿರುವಿದರೆ ಆಚೆಯ ಬೋಲ್ಟಿನ ತಲೆಯನ್ನು ಕಚ್ಚುತ್ತದೆ. ಮೊದಲ ಸಲ ಜೋಡಿಸುವಾಗ ನೋಡಲು ಚಂದ. ಬಿಚ್ಚಿ ಮತ್ತೆ ಜೋಡಿಸುವಾಗ ಬೋಲ್ಟು ಕೂತಿದ್ದ ತೂತುಗಳು ಸಡಿಲು, ಕೆಲವು ಪುಡಿಪುಡಿ. ಏಳು ಕಡೆ ಹಿಡಿಯಲೇ ಇಲ್ಲ. ಓಣಿಯ ಬಡಿಗ ಕಾಕಾ ಬಂದು ಬೆಂಕಿಕಡ್ಡಿ ಮುರಿದು, ಫೆವಿಕಾಲ್ ಹಚ್ಚಿ, ತೂತಿಗೆ ತುರುಕಿ ಕೂಡಿಸಿದರು. “ಇದು ಕಟಗಿ ಅಲ್ಲವ್ವಾ, ಕಟಗಿ ಹಿಟ್ಟು. ಒಮ್ಮಿ ಕಚ್ಚತದ, ಎರಡನೇ ಸಲ ಬಿಡತದ” ಅಂದರು. ಕೂಲಿ 600. ನನಗೆ ಅದಕ್ಕಿಂತ ಬೆಲೆಯುಳ್ಳದ್ದು ಆ ಮಾತು.

ಜಾಹೀರಾತಿನಲ್ಲಿ ಇದರ ಹೆಸರು ‘ಇಂಜಿನಿಯರ್ಡ್ ವುಡ್’. ಆ ಒಂದೇ ಹೆಸರಿನಡಿ ಪ್ಲೈವುಡ್ಡೂ ಬರುತ್ತದೆ, ಕಟಗಿಯ ನಾರನ್ನು ಅಂಟಿನಲ್ಲಿ ಒತ್ತಿದ ಎಂಡಿಎಫ್ಫೂ ಬರುತ್ತದೆ, ಕಟಗಿ ಚೂರನ್ನು ಅಂಟಿನಲ್ಲಿ ಕಲಸಿ ಒತ್ತಿದ ಪಾರ್ಟಿಕಲ್ ಬೋರ್ಡೂ ಬರುತ್ತದೆ. ಈ ಬೆಲೆಗೆ ಸಿಗುವುದು ಬಹುತೇಕ ಕೊನೆಯದೇ. ಅಂಗಡಿಗೇ ಹೋಗುವವರು ಬಾಗಿಲ ಕೀಲು ಕೂತ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಪದರ ಪದರ ಕಂಡರೆ ಪ್ಲೈ, ಚೂರು ಚೂರು ಕಂಡರೆ ಪಾರ್ಟಿಕಲ್ ಬೋರ್ಡ್. ಲ್ಯಾಮಿನೇಟ್ ಹಚ್ಚಿದ ಪಾರ್ಟಿಕಲ್ ಬೋರ್ಡಿಗೂ ಐಎಸ್ 12823 ಅಂತ ಭಾರತೀಯ ಮಾನದಂಡ ಇದೆ, ಕೇಳಿ. ಆ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ರಾಸಾಯನಿಕ ಇರುತ್ತದೆ, ಹೊಸದರ ಘಾಟು ಅದರದ್ದೇ. ಮಗಳ ಕಣ್ಣು ಉರಿಯಲು ಶುರುವಾಗಿ ಎರಡು ವಾರ ಕಿಟಕಿ ತೆರೆದಿಟ್ಟು, ಅಲಮಾರಿಯ ಬಾಗಿಲೂ ತೆರೆದಿಟ್ಟು ಕಾದೆವು. ಇ1 ಅಂತ ಬರೆದಿದ್ದರೆ ಘಾಟಿನ ಅಂಶ ಮಿತಿಯಲ್ಲಿದೆ ಎಂದರ್ಥ.

ಕಳಿಸಿದವರ ಸೇವೆ ಹೇಳುವಂಥದ್ದೇನಿಲ್ಲ. ಮೂರು ಬಾಗಿಲಲ್ಲಿ ಒಂದು ಬೇರೆ ಬಣ್ಣದ್ದು ಬಂತು. ಪ್ರತಿ ಸಲ ಫೋನ್ ಮಾಡಿದಾಗಲೂ ಹೊಸಬರಿಗೆ ಮೊದಲಿಂದ ಕಥೆ ಹೇಳಬೇಕು. ಸರಿಯಾದ ಬಾಗಿಲು ಬಂದದ್ದು ಹತ್ತೊಂಬತ್ತನೇ ದಿನ.

ಅಡುಗೆಮನೆಯ ರ್‍ಯಾಕ್ ಮೇಲೆ ನಾನೇ ತಪ್ಪು ಮಾಡಿದೆ. ಆಳಂದ ಕಡೆಯ ನಮ್ಮೂರಿಂದ ಅತ್ತಿಯವರು ಜ್ವಾಳ, ತೊಗರಿಬ್ಯಾಳಿ ತಂದಾಗ ಡಬ್ಬಿಗಳನ್ನು ನಡುವಿನ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ತಿಂಗಳೊಪ್ಪತ್ತಿನಲ್ಲಿ ಹಲಗೆ ತೊಟ್ಟಿಲಿನಂತೆ ಬಾಗಿತು. “ಹಪ್ಪಳದ ರ್‍ಯಾಕ್ ತಂದೀಯಲ್ಲವ್ವಾ” ಅಂದರು ಅತ್ತಿ. ಎರಡೂವರೆ ಅಡಿ ಉದ್ದದ ಹಲಗೆಗೆ ನಡುವೆ ಆಸರೆ ಇಲ್ಲದಿದ್ದರೆ ಭಾರ ಹೊರುವುದು ಅದರ ಹಣೆಯಲ್ಲಿ ಬರೆದಿಲ್ಲ. ಈಗ ಡಬ್ಬಿಗಳೆಲ್ಲ ನೆಲದ ಮೇಲೆ, ರ್‍ಯಾಕಿನಲ್ಲಿ ಪ್ಲಾಸ್ಟಿಕ್ ತಾಟುಗಳು.

ಮಕ್ಕಳಿದ್ದವರು ಇದೊಂದನ್ನು ಮಾತ್ರ ಬಿಡಬೇಡಿ. ಡ್ರಾವರ್‌ಗಳ ಕಪಾಟು ಹಗುರ. ಮಗು ಕೆಳಗಿನ ಎರಡು ಡ್ರಾವರ್ ಎಳೆದು ಅದರ ಮೇಲೆ ಹತ್ತಿದರೆ ಇಡೀ ಕಪಾಟು ಮುಂದಕ್ಕೆ ಬೀಳುತ್ತದೆ. ಗೋಡೆಗೆ ಬಿಗಿಯಲು ಪಟ್ಟಿ ಕೊಟ್ಟಿರುತ್ತಾರೆ. ಮನೆ ಮಾಲಕರು “ಗ್ವಾಡಿಗೆ ತೂತು ಹಾಕಬ್ಯಾಡ್ರಿ ಮೇಡಂ” ಅಂದರು. ಬಿಡುವಾಗ ಸಿಮೆಂಟ್ ತುಂಬಿ ಬಣ್ಣ ಹೊಡೆಸಿಕೊಡುತ್ತೇನೆ ಅಂತ ಬರೆದುಕೊಟ್ಟ ಮೇಲೆ ಎರಡು ತೂತಿಗೆ ಒಪ್ಪಿದರು.

ಮಂಚ, ಮೇಜು ಮತ್ತೆ ಬೇಕಾದರೆ ಇಂಥವೇ ಕೊಳ್ಳುತ್ತೇನೆ. ಚಪ್ಪಲಿ ಸ್ಟ್ಯಾಂಡು ಇನ್ನು ಕಬ್ಬಿಣದ್ದೇ, ಮೊದಲ ಮಳೆಗಾಲಕ್ಕೇ ಹಳೆಯದು ಹೋಯಿತು. ಅಲಮಾರಿಯಂತೂ ಕಾಲಿರುವುದು ಸಿಕ್ಕರೆ ಮಾತ್ರ. ಈಗಿರುವುದನ್ನು ಎಸೆಯಲು ಮನಸ್ಸಾಗಲಿಲ್ಲ. ಪರಸಿ ಮಾರುವವರ ಹತ್ತಿರ ಹೋದೆ, ಅಂಗೈ ಅಗಲದ ಎಂಟು ತುಂಡು ಪುಕ್ಕಟೆ ಕೊಟ್ಟರು. ಎರಡೆರಡು ಜೋಡಿಸಿ ನಾಲ್ಕು ಮೂಲೆಗೆ ಇಟ್ಟು ಅಲಮಾರಿಯನ್ನು ನೆಲದಿಂದ ಎತ್ತಿದೆವು, ಉಬ್ಬಿದ ಅಂಚನ್ನು ಉಜ್ಜಿ ಎಂ-ಸೀಲ್ ಹಚ್ಚಿದೆವು. ಬಾಗಿಲು ಈಗ ಹಾಕಲು ಬರುತ್ತದೆ, ಸ್ವಲ್ಪ ಎತ್ತಿ ದೂಡಬೇಕು ಅಷ್ಟೆ. ಕೂಲರನ್ನೂ ಪಕ್ಕದ ಕಿಟಕಿಗೆ ಸರಿಸಿದೆವು. ಅದರ ಗಾಳಿ ಈಗ ನೇರವಾಗಿ ಸಾಗವಾನಿ ಪೆಟ್ಟಿಗೆಗೆ ಬಡಿಯುತ್ತದೆ. ಅತ್ತಿಗೆ ಇನ್ನೂ ಹೇಳಿಲ್ಲ.