ಅಂಗಡಿ ವಾರಂಟಿ, ಕಂಪನಿ ವಾರಂಟಿ, ಸಾಸಿವೆ ಡಬ್ಬಿ

2021ರಲ್ಲಿ ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಟಿ.ವಿ. ಕೊಂಡೆ. ಬಿಲ್ ಬರೆಯುತ್ತಿದ್ದ ಹುಡುಗ ಕೊನೆಗೆ ಒಂದು ಮಾತು ಸೇರಿಸಿದ. ‘ಸಾರ್, ಇನ್ನೊಂದು ಮೂರು ಸಾವಿರ ಹಾಕಿದ್ರೆ ಮೂರು ವರ್ಷ ಚಿಂತೆನೇ ಇಲ್ಲ.’ 32,000 ಕೊಡೋಕೆ ಮನಸ್ಸು ಗಟ್ಟಿ ಮಾಡಿಕೊಂಡವನಿಗೆ 3,000 ಚಿಲ್ಲರೆ ಹಾಗೆ ಕಂಡಿತು. ಹೂಂ ಅಂದೆ.

ಅದರ ಹಿಂದಿನ ವರ್ಷ ವಾಷಿಂಗ್ ಮೆಷಿನ್‌ಗೆ ಕಂಪನಿಯವರದ್ದೇ ಹೆಚ್ಚುವರಿ ವಾರಂಟಿ ತೆಗೆದುಕೊಂಡಿದ್ದೆ. ಮುಂದಿನ ವರ್ಷ ಫ್ರಿಜ್ ಕೊಂಡಾಗ ನನ್ನ ಹೆಂಡತಿ ಅಡ್ಡ ಬಂದಳು. ‘ರೀ, ಅದೇನೂ ಬೇಡ. ಆ ದುಡ್ಡು ನನ್ನ ಕೈಗೆ ಕೊಡಿ.’ 2,500 ಸೀದಾ ಸಾಸಿವೆ ಡಬ್ಬಿಗೆ ಹೋಯಿತು. ಹೀಗೆ ಒಂದೇ ಮನೆಯಲ್ಲಿ ಮೂರು ಥರದ ಪರೀಕ್ಷೆ ನಡೆಯಿತು. ಬೇಕು ಅಂತ ಮಾಡಿದ್ದಲ್ಲ.

ಮೊದಲು ಸೋತಿದ್ದು ಹೇಳುತ್ತೇನೆ. 2023ರ ಮೇ ತಿಂಗಳು, ಭರಣಿ ಮಳೆ. ನಮ್ಮ ಕಡೆ ಮುಂಗಾರಿಗಿಂತ ಮುಂಚಿನ ಈ ಸಂಜೆ ಮಳೆಗಳಲ್ಲೇ ಸಿಡಿಲು ಜಾಸ್ತಿ. ಗುಡುಗು ಶುರುವಾದ ಕೂಡಲೇ ಟಿ.ವಿ. ಪ್ಲಗ್ ಕಿತ್ತಿದ್ದೆವು. ಡಿಶ್ ಕೇಬಲ್ ಹಾಗೇ ಇತ್ತು. ಮಳೆ ನಿಂತ ಮೇಲೆ ಹಾಕಿ ನೋಡಿದರೆ ಟಿ.ವಿ. ಸತ್ತಿದೆ. ಸಿಡಿಲಿಗೆ ಕರೆಂಟಿನ ವೈರೇ ಆಗಬೇಕು ಅಂತೇನಿಲ್ಲ, ಛಾವಣಿ ಮೇಲಿನ ಡಿಶ್ ವೈರೂ ಸಾಕು ಅಂತ ಅವತ್ತು ಗೊತ್ತಾಯಿತು.

ಅಂಗಡಿಗೆ ಫೋನ್ ಮಾಡಿದೆ. ‘ನಮ್ಮದಲ್ಲ ಸಾರ್, ಕಾರ್ಡ್ ಮೇಲಿರೋ ನಂಬರಿಗೆ ಮಾಡಿ’ ಅಂದರು. ಅಂದರೆ ವಾರಂಟಿ ಅಂಗಡಿಯದ್ದೂ ಅಲ್ಲ, ಟಿ.ವಿ. ಮಾಡಿದವರದ್ದೂ ಅಲ್ಲ, ಮೂರನೆಯವರು ಯಾರದ್ದೋ. ಬಿಲ್ ಫೋಟೊ ಕಳಿಸಿ, ಸೀರಿಯಲ್ ನಂಬರ್ ಫೋಟೊ ಕಳಿಸಿ ಅಂತ ದಿನ ಕಳೆಯಿತು. ಒಂಬತ್ತನೇ ದಿನ ಹಾಸನದಿಂದ ಮೆಕ್ಯಾನಿಕ್ ಬಂದ. ಹಿಂದಿನ ಮುಚ್ಚಳ ಬಿಚ್ಚಿ, ಬೋರ್ಡಿನ ಕರಕಲು ನೋಡಿ, ‘ಹೈ ವೋಲ್ಟೇಜ್’ ಅಂತ ಬರೆದು ಸಹಿ ಹಾಕಿಸಿಕೊಂಡು ಹೋದ. ಅಲ್ಲಿಗೆ ಮುಗಿಯಿತು. ಆಮೇಲೆ ಕಾರ್ಡಿನ ಸಣ್ಣ ಅಕ್ಷರ ಓದಿದೆ. ಸಿಡಿಲು, ವೋಲ್ಟೇಜ್ ಏರಿಳಿತ, ನೀರು, ಇಲಿ, ಹುಳ, ಒಡೆದದ್ದು, ಬಿದ್ದದ್ದು, ರಿಮೋಟು, ಯಾವುದೂ ಇಲ್ಲ. ನೋಡಿ, ಮಲೆನಾಡಿನಲ್ಲಿ ಸಾಮಾನು ಹಾಳಾಗೋದೇ ಈ ಪಟ್ಟಿಯಿಂದ! ಕೊನೆಗೆ ನಮ್ಮ ಬೀದಿಯ ರಿಪೇರಿಯವರು ಬೋರ್ಡು ಬದಲಾಯಿಸಿದರು. 2,200 ಆಯಿತು. ಕಾರ್ಡಿಗೆ ಕೊಟ್ಟದ್ದಕ್ಕಿಂತ ಕಮ್ಮಿ.

ಇನ್ನೊಂದು ಸಂಗತಿ. ಹುಡುಗ ಹೇಳಿದ ‘ಮೂರು ವರ್ಷ’ದಲ್ಲಿ ಮೊದಲ ವರ್ಷ ಕಂಪನಿ ಹೇಗೂ ಕೊಡುವ ವಾರಂಟಿಯೇ. ನಾನು ದುಡ್ಡು ಕೊಟ್ಟದ್ದು ಎರಡೇ ವರ್ಷಕ್ಕೆ. ಅದರಲ್ಲೂ 18% ಜಿಎಸ್‌ಟಿ ಸೇರಿತ್ತು.

ವಾಷಿಂಗ್ ಮೆಷಿನ್ ಕಥೆ ಬೇರೆ. ಅದರ ಮೇಲೆ ‘ಮೋಟರ್ 10 ವರ್ಷ’ ಅಂತ ದೊಡ್ಡ ಸ್ಟಿಕ್ಕರ್ ಇದೆ. ಅದು ಬರೀ ಮೋಟರಿಗೆ. ಮಿಕ್ಕಿದ್ದಕ್ಕೆಲ್ಲ ಎರಡು ವರ್ಷ. ಅದರ ಮೇಲೆ ಇನ್ನೆರಡು ವರ್ಷಕ್ಕೆ 3,400 ಕಟ್ಟಿದ್ದೆ. ಮೊದಲ ಸಲ ಕರೆದಾಗ ಇಲ್ಲೂ ಕೈ ಸುಟ್ಟಿತು. ಇಲಿ ಒಳಗೆ ನುಗ್ಗಿ ವೈರ್ ಕಡಿದಿತ್ತು, 900 ನಾವೇ ಕೊಟ್ಟೆವು. ಮಾರನೇ ವರ್ಷ ಆರಿದ್ರಾ ಮಳೆ ಜೋರಾಗಿದ್ದ ವಾರ, ಬಟ್ಟೆ ಒಣಗದೆ ಮನೆಯೆಲ್ಲ ಹಗ್ಗ ಕಟ್ಟಿಕೊಂಡಿದ್ದಾಗ, ಮೆಷಿನ್ ಎರರ್ ತೋರಿಸಿ ನಿಂತಿತು. ಬೋರ್ಡು ಹೋಗಿದೆ ಅಂದರು. ಸುಟ್ಟ ಗುರುತು ಇರಲಿಲ್ಲ. ಕಂಪನಿಯ ಹೊಸ ಬೋರ್ಡು ಹಾಕಿದರು, ಒಂದು ಪೈಸೆ ಕೇಳಲಿಲ್ಲ. ಹೊರಗೆ ಅದಕ್ಕೆ 7,200 ಅಂತ ವಿಚಾರಿಸಿದ್ದೆ. ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಇದನ್ನು ನನ್ನ ಜಾಣತನ ಅನ್ನಲಾರೆ. ವಾರಂಟಿ ಮುಗಿಯೋಕೆ ಆರೇ ತಿಂಗಳಿತ್ತು. ಆದರೂ ಒಂದೇ ದುಬಾರಿ ಬೋರ್ಡಿನ ಮೇಲೆ ನಡೆಯುವ ಸಾಮಾನಿಗೆ, ಅದೂ ತಯಾರಕರೇ ಕೊಡುವುದಾದರೆ, ಈ ದುಡ್ಡು ದಂಡ ಅಂತ ನಾನು ಹೇಳುವುದಿಲ್ಲ.

ಫ್ರಿಜ್‌ಗೆ ಒಂದು ವರ್ಷ ಪೂರ್ತಿ ವಾರಂಟಿ, ಕಂಪ್ರೆಸರಿಗೆ 10 ವರ್ಷ. ಮೂರನೇ ವರ್ಷ ಗ್ಯಾಸ್ ಸೋರಿತು. ಕಂಪ್ರೆಸರ್ ಸರಿಯಾಗಿಯೇ ಇತ್ತು, ಹಾಗಾಗಿ ಆ 10 ವರ್ಷದ ಮಾತು ಉಪಯೋಗಕ್ಕೆ ಬರಲಿಲ್ಲ. 2,800 ಖರ್ಚು. ಹೆಂಡತಿ ಡಬ್ಬಿ ತೆಗೆದು ಎಣಿಸಿದಳು. ಅಷ್ಟರಲ್ಲಿ ಅವಳು ತಿಂಗಳಿಗೆ 100ರಂತೆ ಹಾಕುತ್ತಾ ಬಂದಿದ್ದಳು. ರಿಪೇರಿ ಕಳೆದು ಇನ್ನೂ ಮಿಕ್ಕಿತ್ತು. ಯಾರಿಗೂ ಫೋಟೊ ಕಳಿಸಬೇಕಾಗಲಿಲ್ಲ, ರಿಪೇರಿಯವರು ಅವತ್ತು ಸಂಜೆಯೇ ಬಂದರು. ಸಾಸಿವೆ ಡಬ್ಬಿಗೆ ಸಣ್ಣ ಅಕ್ಷರ ಇಲ್ಲ ಅಲ್ವಾ?

ಲೆಕ್ಕ ನೋಡಿದರೆ ಇದರ ಹಿಂದೆ ಒಂದು ಸರಳ ಕಾರಣ ಇದೆ. ತಯಾರಿಕೆಯಲ್ಲೇ ದೋಷ ಇದ್ದರೆ ಸಾಮಾನ್ಯವಾಗಿ ಮೊದಲ ತಿಂಗಳುಗಳಲ್ಲೇ ಗೊತ್ತಾಗುತ್ತದೆ, ಅದು ಮಾಮೂಲಿ ವಾರಂಟಿಯಲ್ಲೇ ಹೋಗುತ್ತದೆ. ಸವೆದು ಹಾಳಾಗೋದು ತುಂಬಾ ವರ್ಷದ ಮೇಲೆ, ಆಗ ಹೆಚ್ಚುವರಿ ವಾರಂಟಿಯೂ ಮುಗಿದಿರುತ್ತದೆ. ನಾವು ದುಡ್ಡು ಕೊಟ್ಟು ಕೊಳ್ಳುವುದು ನಡುವಿನ ಗಟ್ಟಿ ವರ್ಷಗಳನ್ನು. ಮೊಬೈಲ್ ಮಾತ್ರ ಬೇರೆ. ಅದು ಕೆಡೋದಕ್ಕಿಂತ ಕೈಜಾರಿ ಬೀಳೋದೇ ಜಾಸ್ತಿ. ಬಿದ್ದು ಒಡೆದರೂ ಕೊಡುವ ಪ್ಲಾನ್ ಆದರೆ, ಕಾಲೇಜಿಗೆ ಹೋಗುವ ಮಗ ಮನೆಯಲ್ಲಿದ್ದರೆ, ಯೋಚಿಸಬಹುದು.

ಟಿ.ವಿ. ವಿಷಯಕ್ಕೆ ಪಕ್ಕದ ಮನೆಯವರು ‘ಕೇಸ್ ಹಾಕಿ’ ಅಂದರು. ನಾನು ಹಾಕಲಿಲ್ಲ, ಷರತ್ತು ಓದದೆ ಸಹಿ ಮಾಡಿದ್ದು ನಾನೇ. ಆದರೆ ವಾರಂಟಿ ಒಳಗೆ ನಿಜವಾದ ದೋಷ ಇದ್ದೂ ಅಲೆದಾಡಿಸಿದರೆ ಸುಮ್ನೆ ಇರಬೇಕಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಸಾಮಾನಿಗೆ ದೂರಿನ ಶುಲ್ಕವೂ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. ಬಿಲ್ ಮಾತ್ರ ಜೋಪಾನ. ಅಂಗಡಿಯವರು ಕೊಡುವ ಆ ನುಣುಪು ಕಾಗದದ ಅಕ್ಷರ ವರ್ಷದಲ್ಲಿ ಅಳಿಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ.

ಮೊನ್ನೆ ಆಲ್ದೂರಿನಲ್ಲಿರುವ ಅಮ್ಮನಿಗೆ ಫ್ರಿಜ್ ಕೊಳ್ಳಲು ಹೋಗಿದ್ದೆ. ಮತ್ತೆ ಅದೇ ಮೂರು ಸಾವಿರದ ಮಾತು, ಬೇರೆ ಹುಡುಗ. ‘ಸಿಡಿಲಿಗೆ ಕೊಡ್ತೀರಾ? ಇಲಿ ಕಡಿದ್ರೆ? ರಿಪೇರಿಗೆ ಬರೋರು ಎಲ್ಲಿಂದ ಬರ್ತಾರೆ?’ ಅಂತ ಕೇಳಿದೆ. ಅವನು ಯಜಮಾನರನ್ನು ಕರೆದ. ಅವರು ನಕ್ಕು, ‘ಆಲ್ದೂರಾ? ಹಾಗಾದ್ರೆ ಸ್ಟೆಬಿಲೈಜರ್ ತಗೊಳ್ಳಿ, ಕಾರ್ಡ್ ಬಿಡಿ’ ಅಂದರು. ಫ್ರಿಜ್ ಮೇಲೆ ‘ಸ್ಟೆಬಿಲೈಜರ್ ಬೇಡ’ ಅಂತ ಸ್ಟಿಕ್ಕರ್ ಇತ್ತು. ಆದರೆ ಪಕ್ಕದ ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ ಅಮ್ಮನ ಮನೆ ಬಲ್ಬು ಹೇಗೆ ಮಂಕಾಗುತ್ತದೆ ಅಂತ ನನಗೆ ಗೊತ್ತು. 2,300 ಕೊಟ್ಟು ತಂದೆ. ಉಳಿದ 700ರಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿದೆ. ಬೇಸಿಗೆಯಲ್ಲಿ ಅದಕ್ಕೆ ದಿನಾ ಒಂದು ಕೊಡ ನೀರು ಹಾಕು ಅಂತ ಅಮ್ಮನಿಗೆ ಹೇಳಿದ್ದೆ. ಹೋದ ವಾರ ಹೋಗಿ ನೋಡಿದರೆ, ನೀರು ಹೇಗೂ ಹಾಕಬೇಕಲ್ಲ ಅಂತ ಅದರ ಸುತ್ತ ಪುದೀನ ನೆಟ್ಟಿದ್ದಾರೆ.