ಹಿಂದಿನಿಂದ ಬಂದವರು ದಾಟುವಾಗ ಕಣ್ಣು ಎಲ್ಲಿರಬೇಕು? ಒಂದು ದಿನದ ಟ್ರ್ಯಾಕ್ ಕೋಚಿಂಗ್ ಹೀಗಿತ್ತು
ಬೈಕ್ ರೇಸ್ ಟ್ರ್ಯಾಕ್‌ನಲ್ಲಿ ನನಗೆ ತಿರುವುಗಳ ಭಯ ಇರಲಿಲ್ಲ, ಹಿಂದಿನಿಂದ ಬರುವ ಸದ್ದಿನ ಭಯ ಇತ್ತು. ದೊಡ್ಡ ಬೈಕೊಂದು ಹತ್ತಿರ ಬರುತ್ತಿದೆ ಅಂತ ಕಿವಿಗೆ ಬಿದ್ದರೆ ಸಾಕು, ಕೈ ಬಿಗಿಯಾಗುತ್ತಿತ್ತು, ಉಸಿರು ಕಟ್ಟುತ್ತಿತ್ತು, ಎಲ್ಲಿ ಬ್ರೇಕ್ ಹಿಡಿಯಬೇಕು ಅನ್ನೋದೇ ಮರೆತುಹೋಗುತ್ತಿತ್ತು. ಅದಕ್ಕೇ ಈ ಕೋಚಿಂಗ್‌ಗೆ ಸೇರಿದೆ. 20 ನಿಮಿಷದ ಐದು ಸೆಷನ್.

ಎರಡನೇ ಸೆಷನ್‌ಗೆ ಮೊದಲು ಕೋಚ್ ಹೇಳಿದರು, "ಈ ಸಲ ನಾನೇ ನಿಮ್ಮನ್ನು ಆರೇಳು ಸಲ ದಾಟುತ್ತೇನೆ. ಎಡಕ್ಕೂ ಬರ್ತೀನಿ, ಬಲಕ್ಕೂ ಬರ್ತೀನಿ. ನೀವು ನಿಮ್ಮ ಲೈನ್‌ನಲ್ಲೇ ಇರಿ." ಲೈನ್ ಅಂದರೆ ತಿರುವಿನಲ್ಲಿ ನಾವು ಹಿಡಿದು ಸಾಗುವ ದಾರಿ.

ಮೊದಲ ಸಲ ದಾಟಿದಾಗಲೇ ನಾನು ತಿರುವಿನಲ್ಲಿ ಲೈನ್ ತಪ್ಪಿ ಹೊರಕ್ಕೆ ಹೋದೆ. ಪಿಟ್‌ಗೆ (ಟ್ರ್ಯಾಕ್ ಪಕ್ಕದ ಬೈಕ್ ನಿಲ್ಲಿಸುವ ಜಾಗ) ಬಂದ ಮೇಲೆ ಕೋಚ್ ಕೇಳಿದರು, "ನನ್ನ ಬೂಟ್ ಯಾವ ಬಣ್ಣ?" ಕೆಂಪು, ಹಿಮ್ಮಡಿ ಹತ್ತಿರ ಸವೆದಿದೆ ಅಂತ ತಟ್ಟನೆ ಹೇಳಿದೆ. "ಅಪೆಕ್ಸ್‌ನಲ್ಲಿ ಇಟ್ಟಿದ್ದ ಕೋನ್?" ಅಪೆಕ್ಸ್ ಅಂದರೆ ತಿರುವಿನ ಒಳ ಅಂಚಿಗೆ ಬೈಕ್ ಅತಿ ಹತ್ತಿರ ಹೋಗುವ ಜಾಗ. ಗೊತ್ತಿಲ್ಲ. ನೋಡೇ ಇರಲಿಲ್ಲ. ಕಣ್ಣು ಹೋದ ಕಡೆ ಬೈಕ್ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಅದು ಅರ್ಥವಾಗಿದ್ದು ಆ ಬೂಟಿನಿಂದ. 100 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತೇವೆ, ಅಷ್ಟೂ ದೂರ ನಾನು ದಾರಿ ನೋಡದೆ ಓಡಿಸಿದ್ದೆ.

ಅವರು ಕೊಟ್ಟ ಉಪಾಯ ತುಂಬಾ ಸರಳ. ಮುಂದಿನ ಗುರುತನ್ನು ಹೆಲ್ಮೆಟ್ ಒಳಗೇ ಬಾಯಿಬಿಟ್ಟು ಹೇಳಿಕೊಳ್ಳಬೇಕು: ಬೋರ್ಡ್, ಕೋನ್, ಹೊರ ಅಂಚು. ಯಾರಾದರೂ ದಾಟಿ ಮುಂದೆ ಬಂದರೆ ಅವರನ್ನು ನೋಡಬಾರದು, ಅವರಾಚೆಗಿನ ಗುರುತನ್ನು ಹುಡುಕಬೇಕು. ದಾರಿ ಬಿಡೋಣ ಅಂತ ಪಕ್ಕಕ್ಕೆ ಸರಿಯುವುದೂ ತಪ್ಪಂತೆ, ನಾನು ಇಷ್ಟು ದಿನ ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ದಾಟುವವರದ್ದೇ ಹೊಣೆ, ಅವರು ನನ್ನ ಲೈನ್ ನೋಡಿಯೇ ಲೆಕ್ಕ ಹಾಕಿರುತ್ತಾರೆ. ನಾನು ತಿರುವಿನ ಮಧ್ಯೆ ಗಾಬರಿಯಿಂದ ಥ್ರಾಟಲ್ (ಆಕ್ಸಿಲರೇಟರ್) ಮುಚ್ಚಿದರೆ ಭಾರ ಮುಂದಿನ ಚಕ್ರದ ಕಡೆಗೆ ಸರಿಯುತ್ತದೆ, ವೇಗ ಇಳಿಯುತ್ತದೆ, ಲೈನ್ ಬದಲಾಗುತ್ತದೆ, ಇಬ್ಬರಿಗೂ ಅಪಾಯ.

ನಾಲ್ಕನೇ ಸೆಷನ್‌ನಲ್ಲಿ ಒಬ್ಬರು ಹೊರಗಡೆಯಿಂದ ದಾಟಿದರು. ನಾನು "ಕೋನ್" ಅಂತ ಹೇಳುತ್ತಲೇ ಇದ್ದೆ. ಯಾವ ಬೈಕ್ ಅಂತ ಈಗಲೂ ನೆನಪಿಲ್ಲ, ಅದೇ ನನಗೆ ಖುಷಿ.

ಒಂದು ದೂರು ಇದೆ, ಅದಕ್ಕೇ ಕೋಚಿಂಗ್ ನಡೆಸಿದವರ ಹೆಸರು ಹಾಕುತ್ತಿಲ್ಲ. ಹೊಸಬರ ಗುಂಪಿನಲ್ಲಿ ನೇರ ರಸ್ತೆಯಲ್ಲಿ ಅಥವಾ ಹೊರಗಡೆಯಿಂದ ಮಾತ್ರ ದಾಟಬೇಕು ಅಂತ ಬೆಳಗ್ಗೆ ಹೇಳಿದ್ದರು. ಕೊನೇ ಸೆಷನ್‌ನಲ್ಲಿ ವೇಗದ ಗುಂಪಿನ ಇಬ್ಬರನ್ನು ನಮ್ಮ ಜೊತೆ ಬಿಟ್ಟರು, ಅವರಲ್ಲೊಬ್ಬರು ತಿರುವಿನ ಒಳಗಡೆಯಿಂದ ನುಗ್ಗಿದರು. ನಡೆಸುವವರಿಗೆ ಹೋಗಿ ಹೇಳಿದರೆ "ಕೊನೇ ಸೆಷನ್ ಅಲ್ವಾ" ಅಂದರು. ಹೊಸಬರು ಹೆಚ್ಚು ದಣಿದಿರುವುದೇ ಆಗ. ಇದು ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ.

ಆದರೂ ಮತ್ತೆ ಹೋಗುತ್ತೇನೆ. ಸಂಜೆವರೆಗೂ ಗುಂಪುಗಳು ಬೇರೆಯೇ ಇರುತ್ತವಾ ಅಂತ ಕೇಳಿಕೊಂಡೇ ದುಡ್ಡು ಕಟ್ಟುತ್ತೇನೆ. ಕೋಚ್ ಮಾತ್ರ ಅವರೇ ಬೇಕು.